ತಪ್ಪಿಲ್ಲದ ಮುನ್ನೂರು ಪದಗಳು

ಕಳೆದ ವರ್ಷ ಸೆಪ್ಟೆಂಬರ್ ತಿಂಗಳ ಎರಡನೆಯ ಶುಕ್ರವಾರ ನನ್ನ ಗೆಳೆಯನ ಮೊದಲ ಸಿನಿಮಾ ಪುಣೆಯಲ್ಲಿ ಬಿಡುಗಡೆಯಾಯಿತು. ಅದು ಮರಾಠಿ ಚಿತ್ರ. ಅವನದು ಯುದ್ಧದಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡು ಊರಿಗೆ ಮರಳಿದ ಸೈನಿಕನ ಪಾತ್ರ. ಆ ಪಾತ್ರಕ್ಕೆ ನಿರ್ದೇಶಕಿ ಮೊದಲು ಕರೆದದ್ದು ನನ್ನನ್ನು. ಅವನನ್ನು ಆಕೆಯ ಬಳಿಗೆ ಕರೆದುಕೊಂಡು ಹೋದದ್ದೂ ನಾನೇ.

ನಾನು ಇಲ್ಲಿನ ಒಂದು ಮರಾಠಿ ದಿನಪತ್ರಿಕೆಯಲ್ಲಿ ಹದಿನೆಂಟು ವರ್ಷಗಳಿಂದ ಇದ್ದೇನೆ. ಮೊದಲು ವರದಿಗಾರನಾಗಿದ್ದೆ, ಈಗ ಡೆಸ್ಕಿನಲ್ಲಿದ್ದೇನೆ. ಮನೆಮಾತು ಕನ್ನಡ. ಅಪ್ಪ ಕಲಬುರಗಿ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವರು. ಮಗರಪಟ್ಟಾದ ಹಲವು ಕಟ್ಟಡಗಳ ಸ್ಲ್ಯಾಬಿಗೆ ಹಲಗೆ ಹೊಡೆದವರು. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಓದಲು ಕಲಿತದ್ದು ನಾಟಕದ ಪ್ರತಿಗಳಿಂದ. ಪುಣೆಯ ಕನ್ನಡಿಗರ ಹವ್ಯಾಸಿ ತಂಡವೊಂದರಲ್ಲಿ ವರ್ಷಕ್ಕೆರಡು ನಾಟಕ ಆಡುತ್ತೇವೆ. ಮುಖ್ಯ ಪಾತ್ರ ಹೆಚ್ಚಾಗಿ ನನ್ನದೇ ಇರುತ್ತಿತ್ತು.

ಗೆಳೆಯ ಕುಂದಾಪುರ ಕಡೆಯ ಹೋಟೆಲ್ ಮನೆತನದವನು. ಪುಣೆಯ ಖರಾಡಿಯಲ್ಲಿ, ಐಟಿ ಕಚೇರಿಗಳ ಎದುರಿನ ರಸ್ತೆಯಲ್ಲಿ ಅವನೂ ಅವನ ಅಣ್ಣನೂ ಹೋಟೆಲ್ ನಡೆಸುತ್ತಾರೆ. ಅಣ್ಣ ಅಡುಗೆಮನೆ ನೋಡಿಕೊಂಡರೆ ಇವನು ಗಲ್ಲಾದಲ್ಲಿ ಕೂರುತ್ತಾನೆ. ಭಾನುವಾರ ಮಧ್ಯಾಹ್ನದ ಮೇಲೆ ಆ ರಸ್ತೆಯಲ್ಲಿ ಜನವಿರುವುದಿಲ್ಲ. ಆಗ ತಾಲೀಮಿಗೆ ಬರುತ್ತಿದ್ದ. ಹನ್ನೊಂದು ವರ್ಷಗಳಲ್ಲಿ ಅವನು ಮಾಡಿದ್ದು ಬಹುತೇಕ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಕೆಲಸ. ಪಾತ್ರಧಾರಿ ಯಾರಾದರೂ ತಪ್ಪಿಸಿಕೊಂಡರೆ ಪೊಲೀಸ್ ಆಗುತ್ತಿದ್ದ, ಇಲ್ಲವೇ ಕೊನೆಯ ದೃಶ್ಯಕ್ಕೆ ಬರುವ ಡಾಕ್ಟರ್. ನಾನು ಮಾತು ಮರೆತಾಗ ಅವನು ಪಿಸುಗುಡುತ್ತಿದ್ದ. ನಾನು ಮರೆಯುವುದು ಕಡಿಮೆ.

ಈ ಬರಹದ ಮೂರನೆಯವರು ಸೇನೆಯ ಮಾಜಿ ಹವಾಲ್ದಾರರು. ಅವರನ್ನು ಕಂಡುಹಿಡಿದದ್ದು ನಾನು. ಹಾಗೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಆದ್ದರಿಂದ ಇಲ್ಲಿಯೂ ಅದೇ ಮಾತು ಬರೆಯುತ್ತಿದ್ದೇನೆ. ವಿಜಯಪುರ ಜಿಲ್ಲೆಯವರು. ಗಡಿಯ ಬೆಟ್ಟಗಳ ಯುದ್ಧದಲ್ಲಿ ನೆಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೇಲೆ ಬಲಗಾಲಿಟ್ಟರು. ಹೆಂಡತಿ ಪುಣೆ ಹತ್ತಿರದ ಶಿರೂರಿನವರು, ಮರಾಠಿಯವರು. ಸೇನೆ ಬಿಟ್ಟ ಮೇಲೆ ಅಲ್ಲಿಯೇ ನೆಲೆಸಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಹಾಕಿದರು. ಪ್ರತಿ ಜುಲೈಯಲ್ಲಿ ಆ ಯುದ್ಧದ ನೆನಪಿನ ದಿನಕ್ಕೆ ಪತ್ರಿಕೆಗಳಿಗೆ ಒಬ್ಬ ಮಾಜಿ ಸೈನಿಕ ಬೇಕು. ನಮ್ಮ ಪತ್ರಿಕೆಗೆ ಹತ್ತು ವರ್ಷ ಇವರೇ. ನಾನು ಹೋಗುತ್ತಿದ್ದೆ, ಅವರು ಗಿರಣಿಯ ಬಾಗಿಲಲ್ಲಿ ಕುರ್ಚಿ ಹಾಕಿಸುತ್ತಿದ್ದರು.

"ಬರ್ರಿ ಪೇಪರ್‌ನವರ, ಜುಲೈ ಬಂತೇನು?" ಎನ್ನುತ್ತಿದ್ದರು. "ಈ ಸಲಾನೂ ಅದs ಕಾಲಿನ ಸುದ್ದೀನೋ, ಇನ್ನೊಂದ್ರದೋ? ಇನ್ನೊಂದು ಸುಮ್ನ ಕುಂತದ ಪಾಪ, ಅದರ ಫೋಟೋ ಯಾರೂ ತೆಗ್ಯಂಗಿಲ್ಲ."

ಕೃತಕ ಕಾಲಿಗೆ ಅವರು ‘ಸರ್ಕಾರಿ ಕಾಲು’ ಎನ್ನುತ್ತಿದ್ದರು. ನಂತರ ಯುದ್ಧದ ಬಗ್ಗೆ ನಾಲ್ಕು ಮಾತು ಹೇಳುತ್ತಿದ್ದರು. ಹತ್ತು ವರ್ಷಗಳ ಕತ್ತರಿಸಿಟ್ಟ ವರದಿಗಳನ್ನು ನೋಡಿದರೆ ಆ ಮಾತುಗಳು ಬದಲಾಗಿಲ್ಲ. ಗಿರಣಿ ಯಾಕೆ ಹಾಕಿದಿರಿ ಎಂದು ಕೇಳಿದರೆ "ಹೊಟ್ಟಿಪಾಡು" ಎನ್ನುತ್ತಿದ್ದರು. ನಾನು ‘ಜೀವನೋಪಾಯಕ್ಕಾಗಿ’ ಎಂದು ಬರೆಯುತ್ತಿದ್ದೆ. ಒಳಗಿನಿಂದ, ಗಂಡನಿಂದ ಕಲಿತ ಕನ್ನಡದಲ್ಲಿ, ಅವರ ಹೆಂಡತಿಯ ಧ್ವನಿ ಬರುತ್ತಿತ್ತು: "ಅಹೋ, ಪಿಂಚಣಿ ಬರ್ತದಲ್ಲ, ಯಾಕ ಬೇಕು ಈ ಗಿರಣಿ? ಕೆಮ್ಮು ನೋಡ್ರಿ ಅವರದು. ಬಂದ್ ಮಾಡ್ರಿ ಅಂತ ನೀವಾದ್ರೂ ಹೇಳ್ರಿ." ಧೂಳಿನಿಂದ ಅವರಿಗೆ ಕೆಮ್ಮು ಇದ್ದದ್ದು ನಿಜ. ನಾನು ಹೇಳುತ್ತಿರಲಿಲ್ಲ. ಅದು ವರದಿಗಾರನ ಕೆಲಸವಲ್ಲ.

ಆದರೂ ಅವರು ನನ್ನವರು ಎಂದು ನಾನು ತಿಳಿದಿದ್ದೆ. ಈ ಬರಹದಲ್ಲಿ ನಾನು ಕಳೆದುಕೊಂಡದ್ದು ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಾತ್ರ ಕೈತಪ್ಪಿದ್ದನ್ನು ನಾನು ಆರು ತಿಂಗಳಲ್ಲಿ ಮರೆಯುತ್ತಿದ್ದೆ. ಹವಾಲ್ದಾರರು ಕೈತಪ್ಪಿದ್ದನ್ನು ಮರೆಯಲಾಗಲಿಲ್ಲ.

ನಿರ್ದೇಶಕಿ ಪುಣೆಯವಳೇ. ಅವಳಿಗೂ ಅದು ಮೊದಲ ಸಿನಿಮಾ. ಅವಳ ಕಥೆಯ ಸೈನಿಕ ಗಡಿ ಭಾಗದವನು, ಅವನ ಮರಾಠಿಯ ಹಿಂದೆ ಕನ್ನಡ ಇಣುಕಬೇಕು. ಅದಕ್ಕೆ ನಮ್ಮ ನಾಟಕ ನೋಡಲು ಬಂದಿದ್ದಳು. ನಾಟಕ ಮುಗಿದ ಮೇಲೆ ನನ್ನ ಫೋನ್ ನಂಬರ್ ತೆಗೆದುಕೊಂಡಳು. ಎರಡು ವಾರಗಳ ನಂತರ ಕೋಥ್ರೂಡಿನ ಒಂದು ಫ್ಲ್ಯಾಟಿಗೆ ಕರೆದಳು. ಬೆಳಗಿನ ಹೊತ್ತು. ಒಂದು ಕ್ಯಾಮೆರಾ, ಒಂದು ಸೋಫಾ, ನಾಲ್ಕು ಕುರ್ಚಿ, ನಡುವೆ ಟೀಪಾಯಿ.

"ಮಾತು ಬೇಡ," ಎಂದಳು. "ಇದು ನಿಮ್ಮ ಹಳೆಯ ಗೆಳೆಯನ ಮನೆ. ಯುದ್ಧದಿಂದ ಬಂದ ಮೇಲೆ ಮೊದಲ ಸಲ ಬರುತ್ತಿದ್ದೀರಿ. ಒಳಗೆ ಬನ್ನಿ, ಕೂತುಕೊಳ್ಳಿ. ಅಷ್ಟೇ."

ನನ್ನ ಬಳಿ ಹತ್ತು ವರ್ಷಗಳ ಟಿಪ್ಪಣಿಗಳಿದ್ದವು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ತಿರುಗುವಾಗ ಭುಜ ಮೊದಲು ತಿರುಗುತ್ತದೆ. ಕೂರುವ ಮುನ್ನ ಕೈ ಕುರ್ಚಿಯ ಹಿಡಿಯನ್ನು ಹುಡುಕುತ್ತದೆ. ಕೂತ ಮೇಲೆ ಎರಡೂ ಕೈಯಿಂದ ತೊಡೆಯನ್ನು ಎತ್ತಿ ಸರಿಪಡಿಸಿಕೊಳ್ಳುತ್ತಾರೆ. ಇದೆಲ್ಲವನ್ನೂ ಮಾಡಿದೆ. ಯಾವುದನ್ನೂ ಬಿಡಲಿಲ್ಲ.

ಅವಳು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದನ್ನೇ ಎರಡು ಸಲ ನೋಡಿದಳು. "ಎಲ್ಲಾ ಬರೋಬರ್ ಇದೆ," ಎಂದಳು. "ಒಂದೂ ತಪ್ಪಿಲ್ಲ." ಆ ಪರದೆಯನ್ನು ಮಡಚಿ, "ನಿಮ್ಮ ತಂಡದಲ್ಲಿ ನಿಮ್ಮ ವಯಸ್ಸಿನವರು ಇನ್ನು ಯಾರಾದರೂ ಇದ್ದಾರಾ? ನಿರ್ಮಾಪಕರಿಗೆ ಇಬ್ಬರನ್ನಾದರೂ ತೋರಿಸಬೇಕು," ಎಂದಳು.

ತಂಡದಲ್ಲಿ ನನ್ನ ವಯಸ್ಸಿನವರು ನಾಲ್ವರಿದ್ದರು. ಅವರಲ್ಲಿ ಇಬ್ಬರು ಒಳ್ಳೆಯ ನಟರು. ನಾನು ಅವರ ಹೆಸರು ಹೇಳಲಿಲ್ಲ. ಗೆಳೆಯನ ಹೆಸರು ಹೇಳಿದೆ. ಪಕ್ಕದಲ್ಲಿ ಅವನನ್ನು ನಿಲ್ಲಿಸಿದರೆ ನನಗೆ ನಷ್ಟವಿಲ್ಲ ಎಂಬುದು ನನ್ನ ಲೆಕ್ಕ.

ಮರುದಿನ ಹೋಟೆಲಿಗೆ ಹೋಗಿ ತಿಳಿಸಿದಾಗ ಅವನು ನಂಬಲಿಲ್ಲ.

"ನಾನಾ? ಈ ಮೋರೆ ಸಿನಿಮಾಕ್ಕಾ? ಎಂತ ತಮಾಷೆ ಮಾರಾಯ."

ಅವನ ಅಣ್ಣ ಅಡುಗೆಮನೆಯ ಕಿಂಡಿಯಿಂದ ತಲೆ ಹೊರಗೆ ಹಾಕಿದ. "ಎಂತ ಪಾರ್ಟು?"

"ಒಂದು ಕಾಲಿಲ್ಲದ ಸೈನಿಕ," ಎಂದೆ.

"ಲಾಯ್ಕ್ ಆಯ್ತು. ಇಲ್ಲಿ ಎರಡು ಕಾಲು ಇಟ್ಕೊಂಡೇ ಕೂತಲ್ಲಿಂದ ಏಳುದಿಲ್ಲ ಇವ. ಇನ್ನು ಒಂದೇ ಆದ್ರೆ ಗಲ್ಲಾ ಸಮೇತ ಹೊತ್ಕೊಂಡು ಹೋಗ್ಬೇಕು."

ಗಲ್ಲಾದ ಎದುರು ಬಿಲ್ಲು ಹಿಡಿದು ನಿಂತಿದ್ದವರೂ ನಕ್ಕರು. ಗೆಳೆಯನೂ ನಕ್ಕ. ನಾನು ಅವನಿಗೆ, ಒಂದು ಬೆಳಗಿನ ವಿಷಯ, ಬಂದು ಹೋಗು ಎಂದೆ.

ಕೋಥ್ರೂಡಿನ ಆ ಕೋಣೆಯಲ್ಲಿ ಅವನ ಸರದಿ ಬಂದಾಗ ನಾನು ಸೋಫಾದ ಮೇಲೆ ಕೂತಿದ್ದೆ. ಆ ‘ಹಳೆಯ ಗೆಳೆಯ’ ನಾನೇ ಎಂದು ನಿರ್ದೇಶಕಿ ಅವನಿಗೆ ಹೇಳಿದ್ದಳು. ಅವನು ಬಾಗಿಲಲ್ಲಿ ನಿಂತ. ನನ್ನನ್ನು ನೋಡಲಿಲ್ಲ, ಕುರ್ಚಿಗಳನ್ನು ನೋಡಿದ. ಹತ್ತಿರದ ಕುರ್ಚಿ ಬಿಟ್ಟು, ಅದರ ಪಕ್ಕದ್ದನ್ನೂ ಬಿಟ್ಟು, ಗೋಡೆಯ ಬದಿಯ ಕುರ್ಚಿಯ ತನಕ ಹೋದ. ಕುಂಟಲಿಲ್ಲ. ಅಥವಾ ಕುಂಟುವುದು ಕಾಣಬಾರದೆಂದು ನಡೆಯುವವರಂತೆ ನಡೆದ. ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಕೂತು, ಬಲಗಾಲನ್ನು ಓಡಾಡುವ ದಾರಿಯಿಂದ ಸರಿಸಿ ಟೀಪಾಯಿಯ ಕೆಳಗೆ ಸೇರಿಸಿದ. ಆಮೇಲೆ ನನ್ನತ್ತ ನೋಡಿ, ಮಾತು ಬೇಡವೆಂದಿದ್ದರೂ, "ಏನೋ, ಚಹಾ ಕೊಡ್ತೀಯೋ ಹಾಗೇ ಕಳಿಸ್ತೀಯೋ?" ಎಂದು ಮರಾಠಿಯಲ್ಲಿ ಕೇಳಿದ.

ನಿರ್ದೇಶಕಿ, "ಆ ಕುರ್ಚಿ ಯಾಕೆ?" ಎಂದು ಕೇಳಿದಳು.

"ಸಾರಿ ಮೇಡಂ, ಹೋಟೆಲಿನ ಅಭ್ಯಾಸ," ಎಂದ. "ನಮ್ಮಲ್ಲಿಗೆ ಒಬ್ಬರು ಗಿರಾಕಿ ಬರ್ತಾರೆ, ಅವರ ಕಾಲು ಹೀಗೇ. ಎಷ್ಟೇ ಟೇಬಲ್ ಖಾಲಿ ಇರಲಿ, ಗೋಡೆ ಬದಿಯದೇ ಬೇಕು ಅವರಿಗೆ. ಕಾಲು ದಾರಿಗೆ ಅಡ್ಡ ಬಂದ್ರೆ ಮಾಣಿ ಎಡವ್ತಾನೆ. ಸಾಂಬಾರು ಯಾರ ಮೈಮೇಲೆ ಬೀಳ್ತದೆ ಹೇಳಿ?"

ಅವಳು ನಕ್ಕಳು. ನಾನೂ ನಕ್ಕೆ. ನನ್ನ ಹತ್ತು ವರ್ಷಗಳ ಟಿಪ್ಪಣಿಗಳಲ್ಲಿ ಹವಾಲ್ದಾರರು ತಮ್ಮ ಕುರ್ಚಿಯನ್ನು ಬಾಗಿಲಿನ ಯಾವ ಬದಿಗೆ ಹಾಕಿಸುತ್ತಿದ್ದರು ಎಂಬುದು ಇರಲಿಲ್ಲ.

ಮೂರು ದಿನಗಳ ಮೇಲೆ ಪಾತ್ರ ಅವನಿಗೆ ಹೋಯಿತು. ನನಗೆ ನಿರ್ದೇಶಕಿಯಿಂದ ಒಂದು ಸಂದೇಶ ಬಂತು: ನಿಮ್ಮಿಂದ ಇವರು ಸಿಕ್ಕರು, ತುಂಬಾ ಉಪಕಾರವಾಯಿತು. ಅದನ್ನು ಅಳಿಸಿಲ್ಲ.

ಅವನು ಅದೇ ಭಾನುವಾರ ತಾಲೀಮಿಗೆ ಬಂದು, ನನ್ನನ್ನು ಹೊರಗೆ ಕರೆದು, ಬೇಸರವಾಯಿತಾ ಎಂದು ಕೇಳಿದ. ಇಲ್ಲ ಎಂದೆ. "ನೀನು ಬೇಡ ಅಂದ್ರೆ ನಾನು ಮಾಡುದಿಲ್ಲ, ದೇವರಾಣೆ," ಎಂದ. ಬೇಡ ಎನ್ನುವ ಅವಕಾಶ ನನಗೆ ಹೀಗೆ ಸಿಕ್ಕಿತ್ತು. ನಾನು ಅಭಿನಂದನೆ ಹೇಳಿದೆ. ನಂತರ ಅವನು ಇನ್ನೊಂದು ಕೇಳಿದ: "ನಿನ್ನ ಹವಾಲ್ದಾರರನ್ನು ಒಂದು ಸಲ ತೋರಿಸ್ತೀಯಾ?" ‘ನಿನ್ನ ಹವಾಲ್ದಾರರು’ ಎಂದದ್ದು ನನಗೆ ಹಿಡಿಸಿತು. ಒಪ್ಪಿದೆ.

ಖರಾಡಿಯಿಂದ ಶಿರೂರಿಗೆ ಎಸ್‌ಟಿ ಬಸ್ಸಿನಲ್ಲಿ ಹೋದೆವು. ವಾಘೋಲಿಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ದಾರಿಯುದ್ದಕ್ಕೂ ಅವನಿಗೆ ಏನು ಕೇಳಬೇಕು, ಏನು ಕೇಳಬಾರದು ಎಂದು ಹೇಳಿಕೊಟ್ಟೆ. ಗಿರಣಿಯ ಬಾಗಿಲಿಗೆ ಬಂದಾಗ ಹವಾಲ್ದಾರರು, "ಏನ್ರಿ ಪೇಪರ್‌ನವರ, ಇನ್ನೂ ಜುಲೈ ಬಂದಿಲ್ಲಲ್ಲ?" ಎಂದರು. ವಿಷಯ ತಿಳಿಸಿದೆ. ಕುರ್ಚಿ ಹಾಕಿಸಿ, ಆ ನಾಲ್ಕು ಮಾತು ಶುರು ಮಾಡಿದರು.

ಗೆಳೆಯ ಕೇಳುತ್ತಿರಲಿಲ್ಲ. ಡಬ್ಬಿಗಳ ಸಾಲನ್ನು ನೋಡುತ್ತಿದ್ದ. ಎದ್ದು ಹೋಗಿ ಒಂದರಿಂದ ಚಿಟಿಕೆ ಹಿಟ್ಟು ತೆಗೆದು ಬೆರಳ ನಡುವೆ ಉಜ್ಜಿದ.

"ಇದು ಜೋಳದ್ದು ಅಲ್ವಾ? ಇಷ್ಟು ನಯಸ್ಸು ಹೇಗೆ ಬರ್ತದೆ? ನಮಗೆ ತರಿತರಿ ಹಿಟ್ಟು ಕೊಡ್ತಾನೆ, ರೊಟ್ಟಿ ತಟ್ಟುವಾಗ ಅಂಚು ಒಡೀತದೆ."

ಹವಾಲ್ದಾರರು ಮಾತು ನಿಲ್ಲಿಸಿ ಅವನನ್ನು ನೋಡಿದರು. "ನಿಮ್ಮ ಗಿರಣಿಯವ ಕಲ್ಲಿಗೆ ಟಾಕಿ ಹೊಡದು ಎಷ್ಟು ದಿನ ಆತು?"

"ಟಾಕಿ ಅಂದ್ರೆ?"

"ಕಲ್ಲಿಗೆ ಉಳೀಲಿಂದ ಕಚ್ಚು ಹಾಕೋದು. ಸವೀತದಲ್ಲ ಅದು. ಹೋಟೆಲ್ ನಡಸ್ತೀರಂತೀರಿ, ಇದು ಗೊತ್ತಿಲ್ಲೇನ್ರಿ? ಬರ್ರಿ ಒಳಗ."

ಅವರಿಬ್ಬರೂ ಒಳಗೆ ಹೋದರು. ನಾನು ಬಾಗಿಲಿನ ಕುರ್ಚಿಯಲ್ಲಿ ಕೂತೆ. ಹತ್ತು ವರ್ಷಗಳಲ್ಲಿ ನಾನು ಆ ಬಾಗಿಲು ದಾಟಿರಲಿಲ್ಲ. ಒಳಗೆ ಸದ್ದು, ಅಲ್ಲಿ ಹೇಳಿದ್ದು ರೆಕಾರ್ಡರಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ.

ಗೆಳೆಯ ಆ ಸಂಜೆ ನನ್ನ ಜೊತೆ ಮರಳಿ ಬಂದ. ಮುಂದಿನ ವಾರ ಬಟ್ಟೆಬರೆ ತೆಗೆದುಕೊಂಡು ಹೋದವನು ಹತ್ತೊಂಬತ್ತು ದಿನ ಅಲ್ಲಿಯೇ ಇದ್ದ. ಅಣ್ಣ ಗಲ್ಲಾ ಮತ್ತು ಅಡುಗೆಮನೆ ಎರಡನ್ನೂ ನೋಡಿಕೊಂಡು, ಬಂದವರಿಗೆಲ್ಲ "ನಮ್ಮವ ಕಾಲು ತೆಗೆಸ್ಲಿಕ್ಕೆ ಹೋಗಿದ್ದಾನೆ" ಎಂದು ಹೇಳುತ್ತಿದ್ದ. ಗೆಳೆಯ ಗಿರಣಿಯಲ್ಲಿ ಕಾಳು ಸುರಿದ, ಹಿಟ್ಟು ತುಂಬಿದ, ಕಲ್ಲಿಗೆ ಟಾಕಿ ಹೊಡೆಯಲು ಕಲಿತ. ನಡುವೆ ಒಮ್ಮೆ ನಾನು ಹೋಗಿದ್ದೆ. ಹವಾಲ್ದಾರರು ಒಳಗಿನಿಂದ "ತಮ್ಮಾ, ಆ ಬೆಲ್ಟ್ ಬಂದ್ ಮಾಡೋ" ಎಂದು ಕೂಗಿದರು. ನನ್ನನ್ನು ನೋಡಿ, "ಬರ್ರಿ ಪೇಪರ್‌ನವರ," ಎಂದರು. ಅವನು ಬಂದು ಅಂದಿಗೆ ಹನ್ನೆರಡು ದಿನಗಳಾಗಿದ್ದವು.

ಅವರ ಹೆಂಡತಿ ಮೂರು ತಾಟು ಹಾಕಿದರು. ಊಟದ ಹೊತ್ತಿಗೆ ಹವಾಲ್ದಾರರು ಸರ್ಕಾರಿ ಕಾಲನ್ನು ಬಿಚ್ಚಿ ಗೋಡೆಗೆ ಒರಗಿಸಿ, ನೆಲದ ಮೇಲೆ ಕೂತರು. ಅವರು ಅದನ್ನು ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೆಳೆಯ ಅತ್ತ ತಿರುಗಿಯೂ ನೋಡದೆ ಉಪ್ಪಿನಕಾಯಿ ಕೇಳಿದ. ನನ್ನ ಕೈ ಜೇಬಿನ ನೋಟ್‌ಬುಕ್ಕಿನ ಮೇಲಿತ್ತು. ಹವಾಲ್ದಾರರು ಅದನ್ನು ನೋಡಿದರು. ನಾನು ಕೈ ತೆಗೆದೆ.

ಶೂಟಿಂಗಿಗೆ ಹೋಗುವ ಮುನ್ನ ಒಂದು ಮಧ್ಯಾಹ್ನ ಗೆಳೆಯ ಹೋಟೆಲಿನಲ್ಲಿ ನನ್ನ ಎದುರು ಕೂತು, ಗಲ್ಲಾದ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದ:

"ಅವರು ಗಿರಣಿ ಯಾಕೆ ಹಾಕಿದ್ದು ಗೊತ್ತುಂಟಾ ನಿನಗೆ?"

"ಹೊಟ್ಟೆಪಾಡಿಗೆ."

"ಅಲ್ಲ ಮಾರಾಯ. ಮೆಷಿನ್ ಚಾಲೂ ಆದ್ರೆ ನೆಲ ನಡುಗ್ತದಲ್ಲ, ಆಗ ಅವರಿಗೆ ಇಲ್ಲದ ಪಾದ ನೆಲಕ್ಕೆ ತಾಗಿದ ಹಾಗೆ ಆಗ್ತದಂತೆ. ಬೆರಳು ಸಮೇತ. ಮೊದಲು ಯಾರದೋ ಗಿರಣಿಗೆ ಜೋಳ ಬೀಸಲಿಕ್ಕೆ ಹೋದಾಗ ಗೊತ್ತಾದದ್ದು. ಆಮೇಲೆ ಅದಕ್ಕೇ ಗಿರಣಿ ಹಾಕಿದ್ದು. ಹೆಂಡತಿಗೂ ಹೇಳಲಿಲ್ಲ. ಹೇಳಿದ್ರೆ ಹುಚ್ಚು ಅಂತಾರೆ ಅಂತ."

ನಾನು ಚಹಾ ಕುಡಿದೆ. ಹತ್ತು ವರದಿಗಳಲ್ಲಿ ‘ಜೀವನೋಪಾಯಕ್ಕಾಗಿ’ ಎಂದು ಹತ್ತು ಸಲ ಬರೆದಿದ್ದೇನೆ ಎಂಬುದು ಆಗ ತಲೆಗೆ ಬಂತು.

"ಮೇಡಮ್ಮಿಗೆ ಹೇಳಿದೆ," ಎಂದ ಗೆಳೆಯ. "ಹವಾಲ್ದಾರರನ್ನು ಕೇಳಿಯೇ ಹೇಳಿದ್ದು. ಕಥೆಯಲ್ಲಿ ಕಿರಾಣಿ ಅಂಗಡಿ ಇತ್ತು, ಅದನ್ನು ಮೇಡಂ ಗಿರಣಿ ಮಾಡಿದ್ರು. ಆದ್ರೆ ಇದು ಅವರದ್ದು ಅಂತ ಯಾರಿಗೂ ಗೊತ್ತಾಗಬಾರದು. ಅದೊಂದೇ ಮಾತು ತಗೊಂಡದ್ದು ಅವರು ನನ್ನ ಹತ್ರ. ನಿನ್ನ ಹತ್ರ ಹೇಳಿದ್ರೆ ತೊಂದರೆ ಇಲ್ಲ ಅಲ್ವಾ, ನೀನು ಅವರ ಹಳಬ."

ತೊಂದರೆ ಇಲ್ಲ ಎಂದೆ.

ಸಿನಿಮಾ ಬಂತು. ನಾನು ಮೊದಲ ದಿನ, ಬೆಳಗಿನ ಆಟಕ್ಕೆ, ಒಬ್ಬನೇ ಹೋದೆ. ಅವನು ಚೆನ್ನಾಗಿ ಮಾಡಿದ್ದ. ನಡುವೆ ಒಂದು ದೃಶ್ಯ: ಸೈನಿಕ ಯಾರದೋ ಗಿರಣಿಗೆ ಕಾಳಿನ ಚೀಲ ಹೊತ್ತು ಬರುತ್ತಾನೆ. ಯಂತ್ರ ಶುರುವಾಗುತ್ತದೆ. ಅವನು ಮಾತಾಡುತ್ತಿದ್ದವನು ನಿಲ್ಲಿಸುತ್ತಾನೆ. ಕೆಳಗೆ ನೋಡುವುದಿಲ್ಲ. ಹಿಟ್ಟು ಸಿದ್ಧವಾಗಿದೆ ಎಂದು ಗಿರಣಿಯವನು ಹೇಳಿದ ಮೇಲೂ ಹೋಗದೆ, "ಇನ್ನೊಂದು ಸಲ ಬೀಸು, ದಪ್ಪ ಬಂದಿದೆ," ಎನ್ನುತ್ತಾನೆ. ಅಷ್ಟೇ. ಚಿತ್ರಮಂದಿರದಲ್ಲಿ ಯಾರೂ ಕೆಮ್ಮಲಿಲ್ಲ. ಹಿಂದಿನ ಸಾಲಿನ ಒಬ್ಬ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕೇಳಿಸಿತು. ನಾನು ಕೈಗಡಿಯಾರ ನೋಡಿದೆ.

ಶನಿವಾರ ಸಂಪಾದಕರು ಕರೆದರು. "ಅರೇ, ಆ ಹೀರೋ ನಿಮ್ಮ ನಾಟಕದವನಂತಲ್ಲ! ಎಲ್ಲರೂ ಆ ಗಿರಣಿ ಸೀನಿನ ಬಗ್ಗೆ ಮಾತಾಡ್ತಿದ್ದಾರೆ. ಮುನ್ನೂರು ಪದ ಕೊಡಿ, ನಾಳೆ ಪುರವಣಿಗೆ."

ಅವನು ನನ್ನ ಗೆಳೆಯ, ಅವನ ಬಗ್ಗೆ ನಾನು ಬರೆಯುವುದು ಸರಿಯಲ್ಲ ಎಂದು ನಾನು ಹೇಳಬಹುದಿತ್ತು. ಡೆಸ್ಕಿನಲ್ಲಿ ಇತರರಿಗೆ ನಾನೇ ಆ ನಿಯಮ ಹೇಳುತ್ತೇನೆ. ಹೇಳಲಿಲ್ಲ. ನಲವತ್ತು ನಿಮಿಷಗಳಲ್ಲಿ ಬರೆದೆ.

ಅದರಲ್ಲಿ ಹೀಗಿತ್ತು: ನಟನಿಗೆ ನಲವತ್ತೊಂದು ವರ್ಷ, ಖರಾಡಿಯಲ್ಲಿ ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಾರೆ. ರಂಗಭೂಮಿಯಲ್ಲಿ ಇದುವರೆಗೆ ಮುಖ್ಯ ಪಾತ್ರ ಮಾಡಿಲ್ಲ. ಈ ಪಾತ್ರಕ್ಕೆ ಮೊದಲು ಬೇರೊಬ್ಬರನ್ನು ಪರಿಶೀಲಿಸಲಾಗಿತ್ತು. ಕಾಲಿಲ್ಲದ ದೃಶ್ಯಗಳಲ್ಲಿ ಮೊಣಕಾಲಿನ ಕೆಳಗೆ ಹಸಿರು ಬಟ್ಟೆ ಸುತ್ತಿ ಚಿತ್ರೀಕರಿಸಿ, ನಂತರ ಕಂಪ್ಯೂಟರಿನಲ್ಲಿ ಕಾಲನ್ನು ಅಳಿಸಲಾಗಿದೆ. ಪ್ರೇಕ್ಷಕರು ಮೆಚ್ಚಿದ ಗಿರಣಿಯ ದೃಶ್ಯ ನಟನ ಕಲ್ಪನೆಯಲ್ಲ. ಶಿರೂರಿನಲ್ಲಿ ಗಿರಣಿ ನಡೆಸುವ ಒಬ್ಬ ಮಾಜಿ ಹವಾಲ್ದಾರರ ಸ್ವಂತ ಅನುಭವ. ಇಲ್ಲದ ಪಾದ ನೆಲಕ್ಕೆ ತಾಕುತ್ತದೆಂದೇ ಅವರು ಗಿರಣಿ ಹಾಕಿದ್ದು.

ಹೆಸರು ಹಾಕಲಿಲ್ಲ. ಶಿರೂರಿನಲ್ಲಿ ಗಿರಣಿ ನಡೆಸುವ ಮಾಜಿ ಹವಾಲ್ದಾರರು ಒಬ್ಬರೇ ಇದ್ದಾರೆ. ಪ್ರತಿ ಜುಲೈಯಲ್ಲಿ ಅವರ ಫೋಟೋ ನಮ್ಮ ಪತ್ರಿಕೆಯಲ್ಲೇ ಬಂದಿದೆ.

ಬರೆಯುವಾಗ ನಾನು ನ್ಯಾಯ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ: ಕೀರ್ತಿ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಲಿ. ಪ್ರತಿಯೊಂದು ವಾಕ್ಯವನ್ನೂ ಎರಡು ಸಲ ಪರಿಶೀಲಿಸಿದೆ. ಗೆಳೆಯನ ವಯಸ್ಸನ್ನು ಖಚಿತಪಡಿಸಿಕೊಳ್ಳಲು ಅವನ ಅಣ್ಣನಿಗೆ ಫೋನ್ ಮಾಡಿದೆ. ಹವಾಲ್ದಾರರಿಗೆ ಫೋನ್ ಮಾಡಲಿಲ್ಲ. ವರದಿ ಭಾನುವಾರ ಪ್ರಕಟವಾಯಿತು.

ಸೋಮವಾರ ಬೆಳಗ್ಗೆ ಗೆಳೆಯ ಹಡಪ್ಸರಿನ ನಮ್ಮ ಮನೆಗೆ ಬಂದ. ಗಲ್ಲಾ ಬಿಟ್ಟು ಆ ಹೊತ್ತಿನಲ್ಲಿ ಅವನು ಬಂದದ್ದು ಅದೇ ಮೊದಲು. ನನ್ನ ಹೆಂಡತಿ ಕೂಡ್ರಿ ಎಂದಳು. ಅವನು ಕೂರಲಿಲ್ಲ.

"ನನ್ನ ಬಗ್ಗೆ ಎಂತ ಬೇಕಾದ್ರೂ ಬರಿ. ಗಲ್ಲಾದವ ಅಂತ ಬರಿ, ಹಸಿರು ಬಟ್ಟೆ ಅಂತ ಬರಿ, ಸತ್ಯವೇ ಅಲ್ವಾ. ಅವರ ಪಾದದ್ದು ಯಾಕೆ ಬರೆದದ್ದು?"

"ಸಿನಿಮಾದಲ್ಲೇ ಇದೆಯಲ್ಲ," ಎಂದೆ. "ಊರಿಗೆಲ್ಲ ತೋರಿಸಿದವನು ನೀನು."

"ಸಿನಿಮಾದಲ್ಲಿ ಅದು ನನ್ನ ಕಾಲು ಮಾರಾಯ. ಪೇಪರಿನಲ್ಲಿ ಅವರದ್ದಾಯ್ತು."

"ಒಂದು ತಪ್ಪು ತೋರಿಸು ಅದರಲ್ಲಿ."

"ತಪ್ಪಿಲ್ಲ," ಎಂದ. "ಹನ್ನೊಂದು ವರ್ಷ ನಿನಗೆ ಪರದೆ ಹಿಂದಿನಿಂದ ಮಾತು ಹೇಳಿಕೊಟ್ಟಿದ್ದೇನೆ. ಎಲ್ಲಿ ಬಾಯಿ ಮುಚ್ಚಬೇಕು ಅಂತ ಹೇಳಿಕೊಡಲಿಲ್ಲ. ಅದು ನನ್ನ ತಪ್ಪು."

ಹೋದ. ಹೆಂಡತಿ ಏನಾಯಿತೆಂದು ಕೇಳಿದಳು. ಪೇಪರಿನ ವಿಷಯ ಎಂದೆ. "ಓದೀನಿ ನಾನೂ," ಎಂದಳು. "ಆ ‘ಬೇರೊಬ್ಬರು’ ಯಾರು ಅಂತ ಬರೀಲಿಲ್ಲಲ್ಲ ನೀವು."

ಆ ಮಧ್ಯಾಹ್ನ ಸಂಪಾದಕರ ಬಳಿ ಹೋಗಿ ತಿದ್ದುಪಡಿ ಹಾಕಬೇಕು ಎಂದೆ. ಯಾವುದಕ್ಕೆ ಎಂದರು. ಪುರವಣಿಯ ಪುಟ ತೋರಿಸಿದೆ.

"ಏನು ತಪ್ಪಾಗಿದೆ? ವಯಸ್ಸಾ? ಊರಾ?"

"ಯಾವುದೂ ತಪ್ಪಾಗಿಲ್ಲ."

"ಮತ್ತೆ ಯಾವುದನ್ನ ತಿದ್ದೋಣ ಸಾಹೇಬ?" ಎಂದು ನಕ್ಕರು. ನಮ್ಮ ಪತ್ರಿಕೆಯ ತಿದ್ದುಪಡಿಯ ನಿಯಮಗಳ ಕರಡನ್ನು ಕೆಲವು ವರ್ಷಗಳ ಹಿಂದೆ ನಾನೇ ಬರೆದಿದ್ದೆ. ಸಂಗತಿಯಲ್ಲಿ ದೋಷವಿದ್ದರೆ ಮಾತ್ರ ತಿದ್ದುಪಡಿ ಎಂಬುದು ಅದರ ಮೊದಲ ಸಾಲು.

ಬುಧವಾರ ರಜೆ ಹಾಕಿ ಶಿರೂರಿಗೆ ಹೋದೆ. ಗಿರಣಿ ತೆರೆದಿತ್ತು. ಒಳಗೆ ಯಂತ್ರದ ಬಳಿ ನಿಂತಿದ್ದವರು ಹವಾಲ್ದಾರರ ಹೆಂಡತಿ. ಹವಾಲ್ದಾರರು ಹೊರಗೆ, ಬೀದಿಯ ಮೇಲೆ, ತೂಕದ ಯಂತ್ರದ ಪಕ್ಕದಲ್ಲಿ ಕೂತಿದ್ದರು.

"ಬರ್ರಿ ಪೇಪರ್‌ನವರ," ಎಂದರು. ಜುಲೈಯ ಮಾತು ಎತ್ತಲಿಲ್ಲ.

ನಾನು ಕ್ಷಮೆ ಕೇಳಲು ಬಂದೆ ಎಂದೆ.

"ಯಾಕ? ಸುಳ್ಳೇನೂ ಬರದಿಲ್ಲಲ್ರಿ ನೀವು." ತೂಕದ ಯಂತ್ರದ ಮೇಲಿನ ಹಿಟ್ಟನ್ನು ಒರೆಸಿದರು. "ಬೀಸಾಕ ಬಂದ ಹೆಣ್ಮಕ್ಕಳು ಈಗ ನನ್ನ ಮಾರಿ ನೋಡಂಗಿಲ್ಲ, ಕಾಲು ನೋಡ್ತಾರ. ಮಷೀನ್ ಚಾಲೂ ಆದ ಕೂಡ್ಲೆ ಎಲ್ಲಾರ ಕಣ್ಣೂ ಕೆಳಗ. ಒಬ್ಬಾಕಿ ಕೇಳಿಯೂ ಬಿಟ್ಟಳು: ಈಗ ಬಂತೇನ್ರಿ ಅಣ್ಣಾ, ಬೆರಳು? ಅಂತ. ಹಂಗಾಗಿ ಹೊರಗs ಕುಂದರ್ತೀನಿ. ಇಲ್ಲಿ ನೆಲ ಅಲ್ಲಾಡಂಗಿಲ್ಲ."

ಯಂತ್ರ ನಿಂತಿತು. ಅವರ ಹೆಂಡತಿ ಕೈಯ ಹಿಟ್ಟನ್ನು ಸೆರಗಿಗೆ ಒರೆಸುತ್ತಾ ಬಾಗಿಲಿಗೆ ಬಂದರು.

"ಇಪ್ಪತ್ತು ವರ್ಷ ಬಂದ್ ಮಾಡ್ರಿ, ಬಂದ್ ಮಾಡ್ರಿ ಅಂತ ಜಗಳಾಡಿದೆ," ಎಂದರು. "ಒಂದು ಸಲ ಹೇಳಿದ್ರ ನಾನs ಚಾಲೂ ಮಾಡಿ ಕೊಡ್ತಿದ್ದೆ. ನನಗ ಇವರು ಹೇಳಲಿಲ್ಲ. ಆ ಹೋಟೆಲಿನ ಹುಡುಗನೂ ಹೇಳಲಿಲ್ಲ, ಹತ್ತೊಂಬತ್ತು ದಿನ ನನ್ನ ಕೈಯಾಗ ಉಂಡು. ಬಾಜೂ ಮನಿಯಾಕಿ ಪೇಪರ್ ತಂದು ಓದಿ ಹೇಳಿದಳು."

ನಂತರ, "ಚಹಾ ಕುಡದು ಹೋಗ್ರಿ," ಎಂದು ಒಳಗೆ ಹೋದರು. ಚಹಾ ಬಂತು, ಕುಡಿದೆ. ಹವಾಲ್ದಾರರು ಒಬ್ಬರ ಗೋಧಿ ತೂಗಿದರು. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಗೆಳೆಯ ತನ್ನ ಸ್ಕೂಟರಿನಲ್ಲಿ ಗಿರಣಿಯ ಬೀದಿಗೆ ತಿರುಗಿದ್ದನ್ನು ನೋಡಿದೆ. ಹಿಂದಿನ ಸೀಟಿಗೆ ಹೋಟೆಲಿನ ದೊಡ್ಡ ಪಾರ್ಸೆಲ್ ಚೀಲ ಕಟ್ಟಿದ್ದ. ಅವನು ನನ್ನನ್ನು ನೋಡಲಿಲ್ಲ. ಆಗಲೂ, ಆ ಬೀದಿಯಲ್ಲಿ ಅವನಿಗೆ ಸಿಗಲಿರುವ ‘ತಮ್ಮಾ’ ಎಂಬ ಕರೆಯೇ ನನ್ನ ತಲೆಯಲ್ಲಿತ್ತು. ಹವಾಲ್ದಾರರು ಬೀದಿಯಲ್ಲಿ ಕೂತಿರುವುದಲ್ಲ. ಇದನ್ನೂ ಬರೆಯಬೇಕು.

ಅವನು ಈಗ ತಾಲೀಮಿಗೆ ಬರುವುದಿಲ್ಲ. ಭಾನುವಾರ ಮಧ್ಯಾಹ್ನ ಶಿರೂರಿಗೆ ಹೋಗುತ್ತಾನೆ ಎಂದು ಅವನ ಅಣ್ಣ ಹೇಳಿದ. ಎರಡನೆಯ ಸಿನಿಮಾ ಒಪ್ಪಿಕೊಂಡಿದ್ದಾನೆ, ಅದರಲ್ಲಿ ಪೋಸ್ಟ್‌ಮಾಸ್ಟರ್. ಹೋಟೆಲಿನಲ್ಲಿ ಅಣ್ಣ ನನಗೆ ಮೊದಲಿನಂತೆಯೇ ಚಹಾ ಕೊಡುತ್ತಾನೆ. ಗೆಳೆಯ ಗಲ್ಲಾದಲ್ಲಿದ್ದರೆ ಬಿಲ್ಲು ನೋಡಿ ಚಿಲ್ಲರೆ ಕೊಡುತ್ತಾನೆ.

ಈ ವರ್ಷ ಜುಲೈಯಲ್ಲಿ ನೆನಪಿನ ದಿನದ ವರದಿಗೆ ನಾನು ಹೋಗಲಿಲ್ಲ. ಶಿರೂರಿನ ನಮ್ಮ ಅರೆಕಾಲಿಕ ವರದಿಗಾರ ಗಿರಣಿಗೆ ಹೋದ. ಮಧ್ಯಾಹ್ನ ನನಗೆ ಫೋನ್ ಮಾಡಿದ. ಹವಾಲ್ದಾರರು ಫೋಟೋಗೆ ನಿಂತರಂತೆ, ಏನನ್ನೂ ಹೇಳಲಿಲ್ಲವಂತೆ. ತಮ್ಮ ಬಗ್ಗೆ ಏನು ಕೇಳುವುದಿದ್ದರೂ ಖರಾಡಿಯ ಹೋಟೆಲಿನವರನ್ನು ಕೇಳಿ, ಅವರು ಹೇಳಿದ್ದಷ್ಟನ್ನೇ ಬರೆಯಿರಿ ಎಂದರಂತೆ. ವರದಿಗಾರನಿಗೆ ಆ ನಂಬರ್ ಬೇಕಿತ್ತು.

ನಾನು ಕೊಟ್ಟೆ. ವರದಿ ಮರುದಿನ ಏಳನೆಯ ಪುಟದಲ್ಲಿ, ಫೋಟೋ ಸಹಿತ, ನೂರ ಹತ್ತು ಪದಗಳಲ್ಲಿ ಪ್ರಕಟವಾಯಿತು.